ಅಕ್ಕು, ಆಗ, ನೋಡ್ಲೆ ಮಾತ್ರ ಅಕ್ಕು

ನಮ್ಮ ಭಾಷೆಲಿ ಅನುಮತಿ ಹೇಳ್ತ ದೊಡ್ಡ ಶಬ್ದವೇ ಬೇಡ. ಅಕ್ಕು, ಆಗ – ಎರಡು ಶಬ್ದ ಸಾಕು. "ಅಬ್ಬೇ, ಉಪ್ಪಿನಕಾಯಿ ಭರಣಿ ತೆಗವಲಕ್ಕೋ?" "ಆಗ, ಕೈ ಚೆಂಡಿ ಇದ್ದು." "ಅಜ್ಜನ ಪೆಟ್ಟಿಗೆ ಮುಟ್ಲಕ್ಕೋ?" "ಆಗ." "ಚಕ್ಕುಲಿ ತಿಂಬಲಕ್ಕೋ?" "ಅಕ್ಕು, ದೇವರಿಂಗೆ ಮಡುಗಿ ಆದ ಮೇಗೆ." ಹೀಂಗೆ ಕೇಳಿಗೊಂಡೇ ನಾವೆಲ್ಲ ದೊಡ್ಡ ಆದ್ದು. ಆದರೆ ಈ ಅಕ್ಕು ಮತ್ತೆ ಆಗದ ಮಧ್ಯಲ್ಲಿ ಎಷ್ಟು ಮೆಟ್ಲು ಇದ್ದು ಹೇಳಿ ಎನಗೆ ಸರೀ ಗೊಂತಾದ್ದು ಕಳುದ ವರ್ಷ ಮಳೆಗಾಲಲ್ಲಿ, ಮಗಳ ಕಂಪ್ಯೂಟರಿನ ಹತ್ರೆ ಕೂದಪ್ಪಗ.

ಆನು ಕಲ್ತದು ಪಿಯುಸಿ ವರೆಗೆ, ಅದೂ ಕಾಮರ್ಸು. ಹಾಂಗಾಗಿ ಇಂಜಿನಿಯರು ಮಕ್ಕೊ ಆರಾರೂ ಇದರ ಓದಿರೆ ನೆಗೆ ಮಾಡೆಡಿ. ಮಗಳು ಹೇಳಿದ್ದರ ಎನ್ನ ಅಡಿಗೆಮನೆ ಭಾಷೆಲಿ ಹೇಳ್ತೆ.

ಮಗಳಿಂಗೆ ಬೆಂಗ್ಳೂರಿಲಿ ಕೆಲಸ. ಅದು ಕೆಲಸ ಮಾಡುದು ಎ.ಎಸ್. 400 ಹೇಳ್ತ ಕಂಪ್ಯೂಟರಿಲಿ. ಒಂದು ಕೋಣೆ ತುಂಬ ಇಪ್ಪ ಮೈನ್‌ಫ್ರೇಮೂ ಅಲ್ಲ, ನಮ್ಮ ಮೇಜಿನ ಮೇಗೆ ಕೂಪ ಕಂಪ್ಯೂಟರೂ ಅಲ್ಲ, ಎರಡರ ನೆಡುಗಾಣದ್ದು. ಮಿಡ್‌ರೇಂಜ್ ಹೇಳ್ತವಡ. ಐಬಿಎಂ ಕಂಪೆನಿ ಇದರ 1988ರ ಜೂನಿಲಿ ಹೆರ ತಂತು. ಹುಟ್ಟಿದ ಊರು ಅಮೆರಿಕದ ಮಿನ್ನೆಸೋಟ ರಾಜ್ಯದ ರೋಚೆಸ್ಟರ್. 2000ಲ್ಲಿ ಐಸೀರೀಸ್ ಹೇಳಿ ಹೆಸರು ಬದಲ್ಸಿದವು, 2006ರಲ್ಲಿ ಸಿಸ್ಟಮ್ ಐ ಹೇಳಿದವು, 2008ಂದ ಐಬಿಎಂ ಐ. ಎಷ್ಟು ಸರ್ತಿ ಬದಲ್ಸಿರೂ ಅದರಲ್ಲಿ ಕೆಲಸ ಮಾಡುವೋರು ಈಗಳೂ ಎ.ಎಸ್. 400 ಹೇಳಿಯೇ ಹೇಳುದಡ. ಅದೊಂದು ಎನಗೆ ಕೂಡ್ಲೇ ಅರ್ಥ ಆತು. ಮದುವೆ ಆಗಿ ಬಂದಪ್ಪಗ ಎನ್ನ ಹೆಸರನ್ನೂ ಬದಲ್ಸಿದ್ದವು. ಅಪ್ಪನ ಮನೆಲಿ ಈಗಳೂ ಹಳೆ ಹೆಸರಿಲಿಯೇ ದಿನಿಗೇಳುದು.

ಆ ಮಳೆಗಾಲಲ್ಲಿ ಯಜಮಾನ್ರಿಂಗೆ ಎದೆಬೇನೆ ಬಂದು ಹನ್ನೊಂದು ದಿನ ಆಸ್ಪತ್ರೆಲಿ ಇದ್ದವು. ಮಗಳು ಲ್ಯಾಪ್‌ಟಾಪು ಹಿಡ್ಕೊಂಡು ಓಡಿ ಬಂತು. ಇವರ ಮನೆಗೆ ಕರಕ್ಕೊಂಡು ಬಂದ ಮೇಗೆ ಒಂದು ತಿಂಗಳು ಇಲ್ಲಿಯೇ ಕೂದು ಕೆಲಸ ಮಾಡಿತ್ತು. ಅಮೆರಿಕದೋರ ಹಗಲು ನಮ್ಮ ಇರುಳು. ಇವಕ್ಕೆ ಹತ್ತು ಗಂಟೆಯ ಮಾತ್ರೆ ಕೊಟ್ಟಿಕ್ಕಿ ಆನುದೇ ಚಾವಡಿಲಿ ಅದರ ಹತ್ರೆ ಕೂಪದು. ಹೇಂಗೂ ಒರಕ್ಕು ಬತ್ತಿಲ್ಲೆ. ಕಪ್ಪು ಪರದೆ, ಅದರ ಮೇಗೆ ಪಚ್ಚೆ ಅಕ್ಷರ. "ಎಂತ ಮಾಡ್ತೆ ಮಗಳೇ?" ಹೇಳಿ ಕೇಳಿದೆ.

"ಬೀಗ ಹಾಕ್ತಾ ಇದ್ದೆ ಅಬ್ಬೆ" ಹೇಳಿತ್ತು.

ಅದು ಅಲ್ಯಾಣ ಒಂದು ಗೋದಾಮಿನ ಕಂಪೆನಿಯ ಕೆಲಸ. ಇಪ್ಪತ್ತು ವರ್ಷದ ಬಿಲ್ಲು, ಸಾಮಾನು ಕಳ್ಸಿದ ಚೀಟಿ, ಸಂಬಳದ ಪಟ್ಟಿ ಎಲ್ಲವನ್ನೂ ಫೋಲ್ಡರಿನ ಒಳ ಫೋಲ್ಡರು ಮಾಡಿ ತುಂಬುಸಿ ಮಡುಗಿದ್ದವು. ವರ್ಷಕ್ಕೊಂದು, ಅದರ ಒಳ ತಿಂಗಳಿಂಗೊಂದು, ಅದರ ಒಳ ಶಾಖೆಗೊಂದು. ಯೇವಗಳೋ ಒಂದರಿ ಒಬ್ಬ° ಗುಮಾಸ್ತಂಗೆ ಒಂದು ಬಿಲ್ಲು ತೆಗವಲೆ ಆತಿಲ್ಲೆ. ಅವಂಗೆ ಯಾವ ಬೀಗದ ಕೈ ಬೇಕು ಹೇಳಿ ಹುಡ್ಕುಲೆ ಪುರ್ಸೊತ್ತು ಇಲ್ಲದ್ದೆ, ಆ ಕಾಲದೋರು ಬುಡಂದ ಕೊಡಿ ವರೆಗೆ ಎಲ್ಲವನ್ನೂ ಎಲ್ಲೋರಿಂಗೂ ತೆಗದು ಮಡುಗಿದವು. ಗುಮಾಸ್ತಂಗೆ ಅವನ ಬಿಲ್ಲು ಸಿಕ್ಕಿತ್ತು. ಒಟ್ಟಿಂಗೆ ಎಲ್ಲೋರ ಸಂಬಳದ ಪಟ್ಟಿಯೂ ಎಲ್ಲೋರಿಂಗೂ ಸಿಕ್ಕುವ ಹಾಂಗಾತು. ಲೆಕ್ಕ ತಪಾಸಣೆಯೋರು ಬಂದು ಬೆರಳು ತೋರ್ಸುವ ವರೆಗೆ ಆರಿಂಗೂ ಅದರ ಚಿಂತೆ ಇತ್ತಿಲ್ಲೆ.

ಇದು ನಮ್ಮಲ್ಲಿ ಇಲ್ಲದ್ದ ಸಂಗತಿ ಎಂತ ಅಲ್ಲ. ಜೆಂಬ್ರದ ದಿನ ಸುಧರಿಕೆ ಮಕ್ಕೊಗೆ ಸುಲಭ ಆಗಲಿ ಹೇಳಿ ಉಗ್ರಾಣದ ಬಾಗಿಲು ಹಾರೊಡದು ಮಡುಗುತ್ತು. ಜೆಂಬ್ರ ಕಳುದು ನಾಲ್ಕು ದಿನ ಆದರೂ ಹಾಕುಲೆ ಆರಿಂಗೂ ನೆಂಪಾವ್ತಿಲ್ಲೆ. ಐದನೇ ದಿನ ಪುಚ್ಚೆ ಹಾಲಿನ ಪಾತ್ರೆ ಮೊಗಚ್ಚಿ ಹಾಕಿಯಪ್ಪಗ ನೆಂಪಾವ್ತು.

ಆ ಕಂಪ್ಯೂಟರಿಲಿ ಫೋಲ್ಡರಿಂಗೆ, ಫೈಲಿಂಗೆ ಮದಾಲು ಮೂರು ಹಕ್ಕು. ಓದುದು, ಬರವದು, ಒಳ ಹೋಗಿ ನೆಡೆಶುದು. ಅದಾದ ಮೇಗೆ ಬೇರೆ ಇದ್ದು. ಒಂದು ಫೈಲಿನ ತಿದ್ದುವ ಹಕ್ಕು ಬೇರೆ, ಅದರ ಇಡೀ ಅಳುಸಿ ಹಾಕುವ ಹಕ್ಕು ಬೇರೆ, ಇನ್ನೊಬ್ಬಂಗೆ ಅದರ ಮೇಗೆ ಹಕ್ಕು ಕೊಡುವ ಹಕ್ಕು ಮತ್ತೂ ಬೇರೆ. ಮಗಳು ಇದರ ಹೇಳುವಗ ಎನಗೆ ಅತ್ತೆಯ ನೆಂಪಾತು. ಆನು ಮದುವೆ ಆಗಿ ಬಂದ ಮದಲಾಣ ವರ್ಷಂಗಳಲ್ಲಿ ಉಗ್ರಾಣಕ್ಕೆ ಹೋಪಲಕ್ಕು, ಆ ದಿನದ ಅಕ್ಕಿ ಅಳದು ತೆಗವಲಕ್ಕು. ನೆರೆಕರೆಯೋರಿಂಗೆ ಒಂದು ಸೇರು ಕಡ ಕೊಡ್ಲಾಗ. ಪೆಟ್ಟಿಗೆಯ ಬೆಣಚ್ಚಿಂಗೆ ತೆಗದು ಒಣಗುಸುಲೆ ಅಕ್ಕು, ಒಳ ಎಂತ ಇದ್ದು ಹೇಳಿ ಬಿಡುಸಿ ನೋಡ್ಲಾಗ. ಅತ್ತೆ ಯಾವ ಕಂಪ್ಯೂಟರನ್ನೂ ಕಂಡವಲ್ಲ. ಸೊಂಟಲ್ಲಿ ಒಂದು ಬೀಗದ ಕೈ ಗೊಂಚಲು, ಬಾಯಿಲಿ ಅಕ್ಕು ಆಗ. ಆದರೆ ಲೆಕ್ಕ ಇಷ್ಟೇ ಸಣ್ಣಕ್ಕೆ ಇತ್ತು.

ಇನ್ನೊಂದು ಸಂಗತಿ. ಅಖೇರಿಯಾಣ ಫೈಲಿಂಗೆ ಹಕ್ಕು ಇದ್ದರೆ ಸಾಲ, ಅಲ್ಲಿಗೆ ಹೋಪ ದಾರಿಲಿ ಇಪ್ಪ ಪ್ರತಿ ಫೋಲ್ಡರಿನ ಒಳ ಹೋಪ ಹಕ್ಕೂ ಇರೆಕ್ಕಡ. ಒಂದು ಕಡೆ ಇಲ್ಲದ್ರೆ ಅಲ್ಲಿಯೇ ಬಾಕಿ. ಇದು ಎನಗೆ ಭರಣಿಯ ಹಾಂಗೆ ಕಂಡತ್ತು. ಭರಣಿಯ ಬಾಯಿಬಟ್ಟೆ ಬಿಡುಸುಲೆ ಅಕ್ಕು ಹೇಳಿದವು, ಉಗ್ರಾಣದ ಬೀಗದ ಕೈ ಕೊಟ್ಟಿದವಿಲ್ಲೆ ಹೇಳಿ ಆದರೆ ಆ ಅಕ್ಕಿನ ಕಟ್ಟಿ ಎಂತ ಮಾಡುದು?

ಹಕ್ಕು ಇದ್ದೋ ಇಲ್ಲೆಯೋ ಹೇಳಿ ಕಂಪ್ಯೂಟರು ನೋಡುವ ಕ್ರಮವೂ ಇದ್ದು. ಮದಾಲು ನಿನ್ನ ಹೆಸರು ಹೇಳಿ ಎಂತಾರೂ ಬರದ್ದೋ ಹೇಳಿ ನೋಡುದು. ಬರದಿದ್ದರೆ ಅಲ್ಲಿಗೇ ತೀರ್ಮಾನ. ಇಲ್ಲದ್ರೆ ನೀನು ಸೇರಿದ ಗುಂಪಿಂಗೆ ಎಂತ ಇದ್ದು ಹೇಳಿ ನೋಡುದು. ಅದೂ ಇಲ್ಲದ್ರೆ ಸ್ಟಾರ್ ಪಬ್ಲಿಕ್, ಹೇಳಿರೆ ಬಾಕಿ ಎಲ್ಲೋರಿಂಗೂ ಎಂತ ಇದ್ದೋ ಅದು. ಅಲ್ಲಿ ಶಬ್ದದ ಎದುರು ಒಂದು ನಕ್ಷತ್ರ ಮಡುಗುತ್ತವು, ಹಾಂಗಾಗಿ ಎಲ್ಲದಕ್ಕೂ ಸ್ಟಾರ್ ಸ್ಟಾರ್ ಹೇಳುದು. ಸ್ಟಾರ್ ಆಲ್ ಹೇಳಿರೆ ಪೂರ್ತಿ ಅಕ್ಕು. ಸ್ಟಾರ್ ಎಕ್ಸ್‌ಕ್ಲೂಡ್ ಹೇಳಿರೆ ಆಗ. ನಿನ್ನ ಹೆಸರು ಹೇಳಿ ಆಗ ಬರದಿದ್ದರೆ, ಊರಿಂಗೆಲ್ಲ ಅಕ್ಕು ಇದ್ದರೂ ನಿನಗೆ ಇಲ್ಲೆ. ಹೇಳಿಕೆಯೇ ಬಾರದ್ದಕ್ಕೂ, ಮನೆಗೆ ಬಂದು "ನೀನು ಬಪ್ಪದು ಬೇಡ" ಹೇಳಿದ್ದಕ್ಕೂ ಇಪ್ಪ ವ್ಯತ್ಯಾಸ ಅದು.

ಈಗ ಆ ಕೆಲಸದ ಕಥೆ. ಒಂದು ಫೋಲ್ಡರಿನ ಹಕ್ಕು ಬದಲ್ಸಿರೆ ಆ ಫೋಲ್ಡರಿಂಗೆ ಮಾತ್ರ ತಾಗುದು. ಒಳ ಇಪ್ಪದು ಇದ್ದ ಹಾಂಗೇ ಇರ್ತು. ಸಾವಿರಗಟ್ಲೆ ಫೋಲ್ಡರು ಇಪ್ಪಗ ಒಂದೊಂದೇ ಮಾಡ್ಲೆ ಆಯುಷ್ಯ ಸಾಲ. ಅದಕ್ಕೆ ಚೇಂಜ್ ಅಥಾರಿಟಿ ಹೇಳ್ತ ಆಜ್ಞೆಲಿ ಸಬ್‌ಟ್ರೀ ಹೇಳಿ ಒಂದು ಜಾಗೆ ಇದ್ದು. ಅಲ್ಲಿ ಸ್ಟಾರ್ ಆಲ್ ಹಾಕಿರೆ ಕೆಳಾಣ ಗೆಲ್ಲು ಗೆಲ್ಲಿಂಗೂ ಇಳುದು ಹೋಗಿ ಬದಲ್ಸುತ್ತು. ಒಂದೇ ಗೆರೆ.

ಮಗಳ ಮೇಗಾಣೋರು ಹೇಳಿದ್ದೂ ಅದನ್ನೇ. "ಶನಿವಾರ ಇರುಳು ಆ ಒಂದು ಗೆರೆ ಹಾಕು. ಎಲ್ಲೋರಿಂಗೂ ಎಕ್ಸ್‌ಕ್ಲೂಡ್ ಮಾಡು. ಸೋಮವಾರ ಆರು ಬೊಬ್ಬೆ ಹೊಡೆತ್ತವೋ ಅವಕ್ಕೆ ತೆಗದು ಕೊಡುವ."

ಮಗಳು ಒಪ್ಪಿತ್ತಿಲ್ಲೆ. ಫೋನಿಲಿ ಅದು ಇಂಗ್ಲಿಷಿಲಿ ಎಂತ ಹೇಳಿತ್ತೋ ಎನಗೆ ಪೂರ್ತಿ ಗೊಂತಾತಿಲ್ಲೆ. ಮಡುಗಿದ ಮೇಗೆ ಎನ್ನ ಹತ್ರೆ ಹೇಳಿತ್ತು: "ಬೊಬ್ಬೆ ಹೊಡವಲೆ ಬಾಯಿ ಇಲ್ಲದ್ದೋರೂ ಅದರೊಳ ಇದ್ದವಬ್ಬೆ." ಅದು ಹೇಳಿದ್ದು ಮನುಷ್ಯರ ವಿಷಯ ಅಲ್ಲ, ಇರುಳು ತನ್ನಷ್ಟಕೆ ಓಡುವ ಪ್ರೋಗ್ರಾಮುಗಳ ವಿಷಯ. ಎರಡು ಗಂಟೆ ಇರುಳಿಂಗೆ ಎದ್ದು, ಮರದಿನ ಯಾವ ಲಾರಿಲಿ ಎಂತ ಹೋಯೆಕ್ಕು ಹೇಳಿ ಚೀಟಿ ಮಾಡಿ ಒಂದು ಫೋಲ್ಡರಿಲಿ ಮಡುಗುವ ಪ್ರೋಗ್ರಾಮೂ ಅದರಲ್ಲಿ ಒಂದು. ಪ್ರೋಗ್ರಾಮುಗೊಕ್ಕೂ ಒಂದೊಂದು ಬಳಕೆದಾರನ ಹೆಸರು ಇರ್ತಡ. ಆ ಹೆಸರಿಂಗೆ ಆರೂ ಬೇರೆ ಹಕ್ಕು ಕೊಟ್ಟಿದವಿಲ್ಲೆ. ಎಲ್ಲೋರಿಂಗೂ ತೆಗದಿದ್ದ ಬಾಗಿಲಿಲ್ಲಿಯೇ ಅದುದೇ ಹೋಗಿ ಬಂದೊಂಡಿದ್ದತ್ತು. ಆ ಬಾಗಿಲಿನ ಹಾಕಿರೆ ಅದು ಹೆರ ನಿಂಗು. ಸೋಮವಾರ ಉದಿಯಪ್ಪಗ ಚೀಟಿ ಇಲ್ಲೆ, ಲಾರಿ ಹಂದ. ಎಂತಕೆ ಹೇಳಿ ಹುಡ್ಕುವಗ ಮಧ್ಯಾಹ್ನ ಅಕ್ಕು.

ಹಕ್ಕು ಬದಲ್ಸಿದ ಮೇಗೆ ಮದಲಾಣ ಹಾಂಗೆ ತಿರುಗುಸು ಹೇಳಿರೆ ತಿರುಗುಸುವ ಗುಬ್ಬಿ ಅಲ್ಲಿ ಇಲ್ಲೆ. ಯಾವ ಫೋಲ್ಡರಿಂಗೆ ಆರಿಂಗೆ ಎಂತ ಇತ್ತು ಹೇಳಿ ನಾವೇ ಬರದು ಮಡಿಕ್ಕೊಂಡಿರೆ ಉಂಟು, ಇಲ್ಲದ್ರೆ ಇಲ್ಲೆ. ಹಾಂಗಾಗಿ ಮಗಳು ನಾಲ್ಕು ಇರುಳು ಬೀಗ ಹಾಕಿದ್ದೇ ಇಲ್ಲೆ, ಪಟ್ಟಿ ಮಾಡಿತ್ತು. ಈಗ ಆರಿಂಗೆ ಎಂತ ಹಕ್ಕು ಇದ್ದು ಹೇಳಿ ಒಂದು ಪಟ್ಟಿ. ನಿಜವಾಗಿ ಆರಿಂಗೆ ಎಂತ ಬೇಕು ಹೇಳಿ ಇನ್ನೊಂದು. ಎರಡನೇ ಪಟ್ಟಿಗೆ ಅಲ್ಯಾಣ ಗೋದಾಮಿನೋರಿಂಗೆ, ಸಂಬಳ ವಿಭಾಗದೋರಿಂಗೆ, ಎಲ್ಲೋರಿಂಗೂ ಫೋನು ಮಾಡಿ ಕೇಳಿತ್ತು. "ನಿಂಗೊ ಇದರ ನೋಡುದು ಮಾತ್ರವೋ, ತಿದ್ದುಲೂ ಇದ್ದೋ?" ಆ ಒಂದು ಪ್ರಶ್ನೆ ಇಂಗ್ಲಿಷಿಲಿ ಎಷ್ಟು ಸರ್ತಿ ಕೇಳಿದ್ದೆ ಹೇಳಿರೆ ಎನಗೇ ಬಾಯಿಪಾಠ ಬಂತು.

ಮತ್ತೆ ಅದು ಒಂದೊಂದು ಫೈಲಿಂಗೆ ಒಂದೊಂದು ಹೆಸರು ಬರದ್ದಿಲ್ಲೆ. ಆಥರೈಸೇಶನ್ ಲಿಸ್ಟ್ ಹೇಳಿ ಒಂದು ವ್ಯವಸ್ಥೆ ಇದ್ದಡ. ಬಿಲ್ಲು ನೋಡುವೋರದ್ದು ಒಂದು ಪಟ್ಟಿ, ಸಂಬಳ ನೋಡುವೋರದ್ದು ಒಂದು ಪಟ್ಟಿ. ಫೋಲ್ಡರುಗೊಕ್ಕೆ ಆ ಪಟ್ಟಿಯ ಅಂಟುಸಿ ಬಿಡುದು. ನಾಳೆ ಒಬ್ಬ° ಕೆಲಸ ಬಿಟ್ಟರೆ, ಹೊಸಬ್ಬ° ಬಂದರೆ, ಆ ಪಟ್ಟಿಲಿ ಒಂದು ಹೆಸರು ತೆಗದು ಒಂದು ಹೆಸರು ಸೇರ್ಸಿರೆ ಆತು. ಸಾವಿರ ಫೋಲ್ಡರಿಂಗೆ ಪುನಾ ಇಳುದು ಹೋಯೆಕ್ಕು ಹೇಳಿ ಇಲ್ಲೆ. ಅಬ್ಬೆ ಫೋಲ್ಡರು ಸರೀ ಇದ್ದರೆ ಅದರ ಒಳ ನಾಳೆ ಹುಟ್ಟುವ ಫೋಲ್ಡರೂ ಅಬ್ಬೆಯ ಹಕ್ಕನ್ನೇ ಹಿಡ್ಕೊಂಡು ಹುಟ್ಟುತ್ತಡ. ಹಳತ್ತರ ಮಾತ್ರ ಸರಿ ಮಾಡಿ ಅಬ್ಬೆ ಫೋಲ್ಡರಿನ ಬಿಟ್ಟರೆ, ಹೊಸತ್ತು ಪುನಾ ಬಾಗಿಲು ತೆಗದೇ ಹುಟ್ಟುಗು.

ಶನಿವಾರ ಮದಾಲು ಆ ಇರುಳಾಣ ಪ್ರೋಗ್ರಾಮಿನ ಹೆಸರಿಂಗೆ ಬೇಕಾದ ಹಕ್ಕು ಕೊಟ್ಟತ್ತು. ಮತ್ತೆ ಒಂದು ಸಣ್ಣ ಶಾಖೆಯ ಒಂದು ತಿಂಗಳ ಫೋಲ್ಡರಿಲಿ ಮಾತ್ರ ಮಾಡಿ ನೋಡಿತ್ತು. ಸರಿ ಇದ್ದು ಹೇಳಿ ಆದ ಮೇಗೆ ದೊಡ್ಡ ಗೆರೆ ಹಾಕಿತ್ತು. ನಾಲ್ಕು ಇರುಳಿನ ತಯಾರಿ, ಮುಕ್ಕಾಲು ಗಂಟೆಯ ಕೆಲಸ. ಸೋಮವಾರ ಅಲ್ಲಿ ಲಾರಿಗೊ ಹೆರಟವು. ಆರೂ ಫೋನು ಮಾಡಿದ್ದವಿಲ್ಲೆ, ಆರೂ ಹೊಗಳಿದ್ದವೂ ಇಲ್ಲೆ. "ಈ ಕೆಲಸಲ್ಲಿ ಫೋನು ಬಾರದ್ದೇ ಹೊಗಳಿಕೆ" ಹೇಳಿತ್ತು ಮಗಳು. ಮೂವತ್ತು ವರ್ಷ ಹೊತ್ತಿಂಗೆ ಸರಿಯಾಗಿ ಅಶನ ಕೊದಿಲು ಮಾಡಿ ಮಡುಗಿದ ಎನಗೆ ಅದರ ಬಿಡುಸಿ ಹೇಳೆಕ್ಕೋ?

ಇಷ್ಟೆಲ್ಲ ಹಕ್ಕಿನ ಲೆಕ್ಕ ಇಪ್ಪ ಆ ಕಂಪ್ಯೂಟರಿಲಿ, ಯಾವ ಆಗವೂ ತಾಗದ್ದ ಒಂದು ಜಾತಿ ಇದ್ದು. ಎಲ್ಲ ವಸ್ತುಗಳ ಮೇಗೂ ಹಕ್ಕು ಇಪ್ಪೋರು. ಅದರ ಮೂಲ ಹೆಸರು ಸೆಕ್ಯೂರಿಟಿ ಆಫೀಸರಿಂದು. ಹಾಂಗಿಪ್ಪ ಹಕ್ಕಿನ ಒಂದಿಬ್ರಿಂದ ಹೆಚ್ಚಿನೋರಿಂಗೆ ಕೊಡ್ಲಾಗ ಹೇಳಿ ಲೆಕ್ಕ. ಆನು ಕೇಳಿದೆ: "ಅಂಬಗ ಆ ಒಬ್ಬಂಗೆ ಎಂತಾರೂ ಆದರೆ?" ಮಗಳು ಹೇಳಿತ್ತು: "ಅದಕ್ಕೇ ಆ ಪಾಸ್‌ವರ್ಡಿನ ಲಕೋಟೆಲಿ ಹಾಕಿ ಸೀಲು ಮಾಡಿ ಕಪಾಟಿಲಿ ಮಡುಗುದು. ಸುಮಾರು ಕಡೆ ಹಾಂಗೆ ಕ್ರಮ ಇದ್ದು." ಹೇಳಿಕ್ಕಿ ಅದೂ ಸುಮ್ಮನಾತು, ಆನೂ ಸುಮ್ಮನಾದೆ. ಒಳ ಕೋಣೆಲಿ ಇವು ಮನುಗಿದ್ದವು.

ಎಂಗಳ ಮನೆಯ ಸೆಕ್ಯೂರಿಟಿ ಆಫೀಸರು ಇವು. ಬೇಂಕಿನ ಖಾತೆ ಇವರ ಒಬ್ಬನ ಹೆಸರಿಲಿ. ಅಡಕ್ಕೆ ಕೊಟ್ಟ ಪೈಸೆ ಬಪ್ಪದೂ ಅಲ್ಲಿಗೇ. ಮೊಬೈಲಿನ ಬೀಗ ಇವರ ಬೆರಳಿಂಗೆ ಮಾತ್ರ ತೆಗವದು. ಆಸ್ಪತ್ರೆಯ ವಿಮೆಯ ಕಾರ್ಡು ಕಪಾಟಿನ ಒಳಾಣ ಖಾನೆಲಿ, ಆ ಖಾನೆಯ ಬೀಗದ ಕೈ ಎಲ್ಲಿ ಹೇಳಿ ಇವಕ್ಕೆ ಮಾತ್ರ ಗೊಂತು. ಇವು ಹುಗ್ಗುಸಿ ಮಡುಗಿದ್ದಲ್ಲ, ಮಾವನೂ ಹಾಂಗೇ ಮಾಡಿದ್ದು, ಅವರ ಅಪ್ಪನೂ ಹಾಂಗೇ. ಆದರೆ ಇವು ಐಸಿಯು ಒಳ, ಮೂಗಿಲಿ ನಳಿಗೆ, ಮಾತು ಇಲ್ಲೆ. ಹೆರ ಕೌಂಟರಿಲಿ "ಮುಂಗಡ ಕಟ್ಟಿ" ಹೇಳ್ತವು. ಮನೆಲಿ ಪೈಸೆ ಇದ್ದು, ಎನಗೆ ತೆಗವಲೆ ಎಡಿಯ. ಮೈದುನ° ಬಂದು ಕಟ್ಟಿದ°, ಅದು ಅವನ ದೊಡ್ಡ ಗುಣ. ಆ ಕುರ್ಶಿಲಿ ಕೂದುಗೊಂಡು ಆನು ನೆನಸಿದ್ದು ಒಂದೇ – ಮೂವತ್ತು ವರ್ಷಲ್ಲಿ ಈ ಮನೆಲಿ ಆನು ಓದಿದ್ದು ಎಷ್ಟು, ಬರದ್ದು ಎಷ್ಟು.

ಇವು ರಜ್ಜ ಚೇತರ್ಸಿದ ಮೇಗೆ ಮಗಳು ಒಂದು ಪಟ್ಟಿ ಪುಸ್ತಕ ಹಿಡ್ಕೊಂಡು ಅಪ್ಪನ ಹತ್ರೆ ಕೂದತ್ತು. ನಾಲ್ಕು ಗೆರೆ ಎಳದು ಬರದತ್ತು: ಎಂತರ, ಎಲ್ಲಿದ್ದು, ಆರು ನೋಡ್ಲಕ್ಕು, ಆರು ತೆಗವಲಕ್ಕು. ಇವಕ್ಕೆ ಮೋರೆ ಸಣ್ಣ ಆತು. "ಆನು ಇನ್ನೂ ಬದ್ಕಿಯೇ ಇದ್ದೆ ಮಗಳೇ. ಈಗಳೇ ಪಾಲು ಮಾಡ್ತೆಯೋ?" ಹೇಳಿದವು. ಅಷ್ಟು ಸಣ್ಣ ದೆನಿಲಿ ಇವು ಮಾತಾಡಿದ್ದರ ಆನು ಮದಲು ಕೇಳಿದ್ದ್ಯೇ ಇಲ್ಲೆ.

ಮಗಳು ಕೋಪ ಮಾಡಿತ್ತಿಲ್ಲೆ. "ಅಪ್ಪಾ, ನಿಂಗಳ ಹಕ್ಕಿನ ಒಂದು ಚೂರೂ ಕಮ್ಮಿ ಮಾಡ್ತಿಲ್ಲೆ. ನಿಂಗಳ ಹೆಸರು ಇದ್ದಲ್ಲೇ ಇರ್ತು. ಅದರ ಕೆಳ ಅಬ್ಬೆಯ ಹೆಸರು ಬರವದು, ಅಷ್ಟೇ. ಬದ್ಕಿಪ್ಪಗಳೇ ಬರೆಕ್ಕಾದ್ದು ಅದು. ಹೋದೋರಿಂಗೆ ಬರವಲೆ ಎಡಿತ್ತಿಲ್ಲೆ" ಹೇಳಿತ್ತು. ಮತ್ತೆ ಅದರ ಕಂಪ್ಯೂಟರಿನ ಇನ್ನೊಂದು ಸಂಗತಿ ಹೇಳಿತ್ತು. ಅಲ್ಲಿ ಪ್ರತಿ ವಸ್ತುವಿಂಗೂ ಒಬ್ಬ° ಯಜಮಾನ° ಇರೆಕ್ಕು. ಕೆಲಸ ಬಿಟ್ಟವನ ಹೆಸರು ಅಳುಸುಲೆ ಹೆರಟರೆ, ಅವನ ಹೆಸರಿಲಿ ವಸ್ತುಗೊ ಇಪ್ಪಲ್ಲಿ ವರೆಗೆ ಕಂಪ್ಯೂಟರು ಬಿಡ್ತಿಲ್ಲೆ. ಇದರ ಎಲ್ಲ ಆರಿಂಗೆ ಕೊಡ್ತೆ ಹೇಳಿ ಮದಾಲು ಹೇಳು, ಮತ್ತೆ ಹೆಸರು ತೆಗೆ. ಅದರ ಕೇಳಿ ಇವಕ್ಕೆ ನೆಗೆ ಬಂತು. ಎಂಗಳ ಮೇಗಾಣ ತೋಟದ ಆರ್‌ಟಿಸಿ ಇನ್ನೂ ಮಾವನ ಹೆಸರಿಲಿಯೇ ಇದ್ದು. ಮಾವ° ಹೋಗಿ ಹದಿನಾಲ್ಕು ವರ್ಷ ಆತು. ಪೌತಿ ಖಾತೆ ಮಾಡ್ಸೆಕ್ಕು ಹೇಳಿ ಇವು ಪ್ರತಿ ವರ್ಷ ಹೇಳ್ತವು.

ಹಾಂಗೆ ಎಂಗೊ ಖಾನೆ ಖಾನೆಗೆ ಇಳುದೆಯೊ°. ಬೇಂಕಿನ ಖಾತೆ ಇಬ್ರ ಹೆಸರಿಂಗೂ ಮಾಡಿ, ಐದರ್ ಆರ್ ಸರ್ವೈವರ್ ಹೇಳಿ ಬರಶಿದೆಯೊ°. ಇಬ್ರಲ್ಲಿ ಆರು ಹೋದರೂ ಪೈಸೆ ತೆಗವಲಕ್ಕು. ಇಟ್ಟ ಠೇವಣಿಗೆ ನಾಮಿನಿ ಹೆಸರು ಇದ್ದೋ ಹೇಳಿ ನೋಡಿದೆಯೊ°. ನಾಮಿನಿ ಹೇಳಿರೆ ಪೈಸೆ ಕೈಗೆ ತೆಕ್ಕೊಂಬ ಹಕ್ಕು ಮಾತ್ರ, ವಾರೀಸುದಾರರ ಹಕ್ಕು ಅದರಿಂದಾಗಿ ಹೋವ್ತಿಲ್ಲೆ ಹೇಳ್ತದೂ ಅಂಬಗಳೇ ಸರೀ ಗೊಂತಾದ್ದು. ವಿಮೆಯ ಕಾರ್ಡು ಈಗ ಚಾವಡಿಯ ಮೇಜಿನ ಖಾನೆಲಿ, ಬೀಗ ಇಲ್ಲದ್ದೆ. ಅದಕ್ಕೆ ಸ್ಟಾರ್ ಪಬ್ಲಿಕ್ಕೇ ಸರಿ. ಮೊಬೈಲಿನ ಬೀಗದ ಅಂಕಿ ಮತ್ತೆ ಒಳಾಣ ಖಾನೆಯ ಬೀಗದ ಕೈ ಒಂದು ಲಕೋಟೆಲಿ, ಮೇಗಂದ ಇವರದ್ದೇ ಸಹಿ. ಪೌತಿ ಖಾತೆಯ ಅರ್ಜಿಯೂ ಕೊಟ್ಟಾತು.

ಎಲ್ಲವನ್ನೂ ಎಲ್ಲೋರಿಂಗೂ ತೆಗದು ಮಡುಗಿದ್ದಿಲ್ಲೆ. ಎನ್ನ ಅಬ್ಬೆ ಎನಗೆ ಬರದ ಕಾಗದಂಗೊ ಒಂದು ತಗಡಿನ ಪೆಟ್ಟಿಗೆಲಿ ಇದ್ದು. ಮಗಳು ಪುಸ್ತಕಲ್ಲಿ ಅದನ್ನೂ ಬರದು, "ಇದರ ಆರು ನೋಡ್ಲಕ್ಕು?" ಹೇಳಿ ಕೇಳಿತ್ತು. "ಆರೂ ಆಗ" ಹೇಳಿದೆ. "ಎನಗುದೇ?" "ನಿನಗುದೇ. ಆನು ಇಪ್ಪನ್ನಾರ." ಅದು ನೆಗೆ ಮಾಡಿಕ್ಕಿ ಹಾಂಗೇ ಬರದತ್ತು. ಇವೂ ಒಂದು ಹಳೆ ಡೈರಿಗೆ ಹಾಂಗೇ ಹೇಳಿದವು. ಅದರಲ್ಲಿ ಎಂತ ಇದ್ದು ಹೇಳಿ ಎನಗೆ ಗೊಂತಿಲ್ಲೆ, ಗೊಂತಪ್ಪದೂ ಬೇಡ.

ಮನೆಯ ಎಲ್ಲ ಬೀಗದ ಕೈಯೂ ಒಬ್ಬನ ಕೈಲಿ ಇಪ್ಪದು ಭದ್ರ ಹೇಳಿ ನಾವು ಗ್ರೇಶುತ್ತು. ಆ ಒಬ್ಬ° ಮನುಗುವ ವರೆಗೆ ಅದು ಭದ್ರವೇ. ನಿಂಗಳ ಮನೆಲಿ ಹೇಂಗೆ? ಒಂದು ಮಳೆಬಪ್ಪ ಹೊತ್ತೋಪಗ, ಎಲ್ಲೋರೂ ಗಟ್ಟಿ ಇಪ್ಪಗಳೇ, ಹಪ್ಪಳ ಹೊರುದು ಮಡಿಕ್ಕೊಂಡು ಕೂದು ನಾಲ್ಕು ಗೆರೆ ಎಳದು ನೋಡಿ. ಎಂತರ, ಎಲ್ಲಿದ್ದು, ಆರು ನೋಡ್ಲಕ್ಕು, ಆರು ತೆಗವಲಕ್ಕು. ಹೆಮ್ಮಕ್ಕಳ ಹೆಸರು ಎಷ್ಟು ಕಡೆ ಬತ್ತು ಹೇಳಿಯೂ ಎಣುಸಿ.